ಬೂದಿಯಾದ ಹೆಣ, ಮುಗಿಯದ ಚರ್ಚೆ: ‘ಸಂಸ್ಕಾರ’ ಕಾದಂಬರಿಯಲ್ಲಿ ವ್ಯಂಗ್ಯ

ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿಯ ಕಥೆ ಇಲ್ಲಿರುವ ಹೆಚ್ಚಿನವರಿಗೆ ಗೊತ್ತಿದೆ. ದೂರ್ವಾಸಪುರವೆಂಬ ಮಾಧ್ವರ ಅಗ್ರಹಾರದಲ್ಲಿ ನಾರಣಪ್ಪನೆಂಬವನು ಸಾಯುತ್ತಾನೆ. ಅವನು ಸಾಲಿಗ್ರಾಮವನ್ನು ಹೊಳೆಗೆ ಎಸೆದವನು, ಮುಸ್ಲಿಮರೊಂದಿಗೆ ಕೂತು ಮಾಂಸ ತಿಂದವನು, ದೇವಸ್ಥಾನದ ಹೊಂಡದ ಮೀನು ಹಿಡಿದವನು, ಕುಂದಾಪುರದ ಚಂದ್ರಿಯನ್ನು ತಂದು ಮನೆಯಲ್ಲಿ ಇಟ್ಟುಕೊಂಡವನು. ಅವನ ಹೆಣವನ್ನು ಸಂಸ್ಕಾರ ಮಾಡುವವರು ಯಾರು, ಮಾಡಬಹುದೇ, ಮಾಡದಿದ್ದರೆ ಏನು ಗತಿ ಎಂಬ ಪ್ರಶ್ನೆಯ ಸುತ್ತ ಕಾದಂಬರಿ ತಿರುಗುತ್ತದೆ ಎಂದು ನಾವು ಸಾಮಾನ್ಯವಾಗಿ ಹೇಳುತ್ತೇವೆ. ಈ ಹೇಳಿಕೆ ತಪ್ಪಲ್ಲ. ಆದರೆ ಕಾದಂಬರಿಯ ನಡುವೆ ಒಂದು ರಾತ್ರಿ ನಡೆಯುವ ಒಂದು ಕೆಲಸವನ್ನು ಈ ಹೇಳಿಕೆ ಮರೆಸಿಬಿಡುತ್ತದೆ. ಆ ರಾತ್ರಿ ಚಂದ್ರಿ ಮೊದಲು ಗಾಡಿಯ ಶೇಷಪ್ಪನ ಬಳಿಗೆ ಹೋಗುತ್ತಾಳೆ. ಬ್ರಾಹ್ಮಣನ ಹೆಣವನ್ನು ಮುಟ್ಟಿದರೆ ತನಗೆ ಪಾಪ ಸುತ್ತಿಕೊಳ್ಳುತ್ತದೆಂದು ಅವನು ಒಲ್ಲೆನೆನ್ನುತ್ತಾನೆ. ಬಳಿಕ ಅವಳು ಮೀನು ವ್ಯಾಪಾರದ ಅಹಮದ್ ಬ್ಯಾರಿಯನ್ನು ಕರೆಯುತ್ತಾಳೆ. ಕಷ್ಟಕಾಲದಲ್ಲಿ ನಾರಣಪ್ಪನಿಂದ ನೆರವು ಪಡೆದಿದ್ದ ಆ ಮನುಷ್ಯ ಮರುಮಾತಿಲ್ಲದೆ ಬಂದು ಹೆಣವನ್ನೂ ಸೌದೆಯನ್ನೂ ಗಾಡಿಯಲ್ಲಿ ಸಾಗಿಸಿ ಸುಟ್ಟು ಹೋಗುತ್ತಾನೆ. ಚಂದ್ರಿ ಕುಂದಾಪುರದ ದಾರಿ ಹಿಡಿಯುತ್ತಾಳೆ.

ಇಲ್ಲಿಂದಾಚೆಗೆ ನಡೆಯುವುದನ್ನು ಗಮನಿಸಿ. ಮರುದಿನ ಅಗ್ರಹಾರದ ಬ್ರಾಹ್ಮಣರು ಹಸಿದ ಹೊಟ್ಟೆಯಲ್ಲಿ ಕೈಮರಕ್ಕೆ ಹೊರಡುತ್ತಾರೆ, ಅಲ್ಲಿನ ಪಂಡಿತರನ್ನು ಕೇಳುತ್ತಾರೆ, ಅಲ್ಲಿ ಉತ್ತರ ಸಿಗದೆ ಮಠಕ್ಕೆ ಹೋಗುತ್ತಾರೆ, ಸ್ವಾಮಿಗಳ ಮುಂದೆ ಕೈಮುಗಿದು ನಿಲ್ಲುತ್ತಾರೆ. ಈ ಎಲ್ಲ ನಡಿಗೆ, ಈ ಎಲ್ಲ ಧರ್ಮಜಿಜ್ಞಾಸೆ, ಈಗಾಗಲೇ ಬೂದಿಯಾಗಿರುವ ಒಂದು ಹೆಣದ ಬಗ್ಗೆ. ಅವರಿಗೆ ಅದು ತಿಳಿಯದು, ನಮಗೆ ತಿಳಿದಿದೆ. ಲೇಖಕರು ಈ ಬಗ್ಗೆ ಒಂದು ಮಾತನ್ನೂ ಸೇರಿಸುವುದಿಲ್ಲ, ಎಲ್ಲಿಯೂ ನಿಂತು ನಮ್ಮ ಕಡೆ ನೋಡಿ ನಗುವುದಿಲ್ಲ. ಓದುಗರಿಗೆ ಗೊತ್ತಿರುವುದಕ್ಕೂ ಪಾತ್ರಗಳಿಗೆ ಗೊತ್ತಿರುವುದಕ್ಕೂ ನಡುವೆ ಒಂದು ಅಂತರವನ್ನು ತೆರೆದು, ಅದನ್ನು ಹಾಗೆಯೇ ಬಿಟ್ಟು, ಮುಂದೆ ಸಾಗುತ್ತಾರೆ. ಈ ಕಾದಂಬರಿಯ ವ್ಯಂಗ್ಯವೆಂದು ನಾನು ಕರೆಯುವುದು ಈ ಅಂತರವನ್ನೇ, ಮತ್ತು ನಾನು ಇಲ್ಲಿ ವಾದಿಸಬೇಕೆಂದಿರುವುದು ಇಷ್ಟು: ‘ಸಂಸ್ಕಾರ’ದಲ್ಲಿ ವ್ಯಂಗ್ಯವು ಬರಹದ ಮೇಲೆ ಸವರಿದ ಬಣ್ಣವಲ್ಲ, ಅದು ಮನೆಯ ತೊಲೆಯಂತೆ ಕಥೆಯ ಕಟ್ಟಡವನ್ನೇ ಹೊತ್ತಿದೆ, ಅದರ ಭಾರ ಬಹುಮಟ್ಟಿಗೆ ಬೀಳುವುದು ಕೆಟ್ಟವರ ಮೇಲಲ್ಲ, ಊರಿಗೆಲ್ಲ ಒಳ್ಳೆಯವನಾದ ಒಬ್ಬನ ಮೇಲೆ.

ವ್ಯಂಗ್ಯ ಎಂಬ ಶಬ್ದದ ಬಗ್ಗೆ ಸ್ವಲ್ಪ ಹೇಳಬೇಕು, ಏಕೆಂದರೆ ನಮ್ಮಲ್ಲಿ ಅದು ಎರಡು ಬೇರೆ ಬೇರೆ ಬದುಕುಗಳನ್ನು ಬಾಳಿದೆ. ದಿನದ ಮಾತಿನಲ್ಲಿ ‘ಅವನು ವ್ಯಂಗ್ಯವಾಡಿದ’ ಎಂದರೆ ಚುಚ್ಚಿ ಮಾತಾಡಿದ ಎಂದು ಅರ್ಥ. ಆದರೆ ಆನಂದವರ್ಧನನ ಧ್ವನಿ ಸಿದ್ಧಾಂತದಲ್ಲಿ ವ್ಯಂಗ್ಯಾರ್ಥವೆಂದರೆ ಸೂಚಿತವಾದ ಅರ್ಥ, ಬಾಯಿಬಿಟ್ಟು ಹೇಳದೆ ಮೂಡಿಸುವ ಅರ್ಥ; ಅದರಲ್ಲಿ ಚುಚ್ಚುವ ಗುಣ ಇರಲೇಬೇಕೆಂದಿಲ್ಲ. ಇಂಗ್ಲಿಷಿನಿಂದ ಬಂದ ಐರನಿ ಎಂಬುದಕ್ಕೆ ನಮ್ಮ ವಿಮರ್ಶಕರು ಕೆಲವೊಮ್ಮೆ ವ್ಯಂಗ್ಯವೆಂದೂ ಕೆಲವೊಮ್ಮೆ ವಿಪರ್ಯಾಸವೆಂದೂ ಹೇಳಿದ್ದಾರೆ. ನನಗೆ ಈ ಎರಡೂ ಬೇಕು. ಉದ್ದೇಶಿಸಿದ್ದಕ್ಕೆ ಎದುರಾದ ಫಲ ಬರುವುದು ವಿಪರ್ಯಾಸ. ಆ ವಿಪರ್ಯಾಸವನ್ನು ಲೇಖಕನು ತಾನು ಹೇಳದೆ ನಮಗೆ ಕಾಣಿಸುವುದು, ಹಳೆಯ ಅರ್ಥದಲ್ಲಿಯೇ, ವ್ಯಂಗ್ಯ. ಚುಚ್ಚುಮಾತು ಈ ಕಾದಂಬರಿಯಲ್ಲಿಯೂ ಬೇಕಾದಷ್ಟಿದೆ, ಆದರೆ ಅದು ನಾರಣಪ್ಪನದು, ಲೇಖಕರದಲ್ಲ. ಈ ಭೇದವನ್ನು ಕೈಬಿಟ್ಟರೆ ಕಾದಂಬರಿ ಬ್ರಾಹ್ಮಣರ ಗೇಲಿಯಾಗಿ ಮಾತ್ರ ಕಾಣುತ್ತದೆ. 1965ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯಿಂದ ಅದು ಹೊರಬಂದ ಮೇಲೆ ಹಲವರು ಹಾಗೆಯೇ ಓದಿ ಕೆರಳಿದರು, ಮತ್ತೆ ಹಲವರು ಹಾಗೆಯೇ ಓದಿ ಮೆಚ್ಚಿದರು. ಕೆರಳಿದವರಿಗೂ ಮೆಚ್ಚಿದವರಿಗೂ ಓದಿನ ಮಟ್ಟಿಗೆ ಹೆಚ್ಚಿನ ವ್ಯತ್ಯಾಸವಿರಲಿಲ್ಲವೆಂದು ನನಗೆ ಅನ್ನಿಸುತ್ತದೆ.

ಮೊದಲು ಕಥೆಯ ಗಂಟನ್ನೇ ಬಿಚ್ಚಿ ನೋಡೋಣ. ನಾರಣಪ್ಪನನ್ನು ಅಗ್ರಹಾರದವರು ಬದುಕಿದ್ದಾಗ ಬಹಿಷ್ಕಾರ ಹಾಕಲಿಲ್ಲ. ಏಕೆ ಹಾಕಲಿಲ್ಲ? ಹಾಕಿದರೆ ತಾನು ಮುಸಲ್ಮಾನನಾಗಿ ಅಗ್ರಹಾರದಲ್ಲಿಯೇ ಇರುತ್ತೇನೆಂದು ಅವನು ಬೆದರಿಸಿದ್ದ. ಹಾಗಾದರೆ ಅಗ್ರಹಾರವೇ ಮೈಲಿಗೆಯಾಗುತ್ತದೆ. ಆದ್ದರಿಂದ ಅವನನ್ನು ಒಳಗೆ ಇಟ್ಟುಕೊಂಡರು. ಒಳಗೆ ಇಟ್ಟುಕೊಂಡದ್ದರಿಂದ ಅವನು ಬ್ರಾಹ್ಮಣನಾಗಿಯೇ ಸತ್ತ. ಬ್ರಾಹ್ಮಣನಾಗಿ ಸತ್ತದ್ದರಿಂದ ಬ್ರಾಹ್ಮಣನೇ ಅವನ ಹೆಣವನ್ನು ಮುಟ್ಟಬೇಕು. ಆದರೆ ಅವನು ಬದುಕಿದ ರೀತಿಯಿಂದಾಗಿ ಯಾವ ಬ್ರಾಹ್ಮಣನೂ ಮುಟ್ಟಲು ಹೆದರುತ್ತಾನೆ. ಹೆಣ ಕೊಳೆಯುತ್ತದೆ. ಕೊನೆಗೆ ಅದನ್ನು ಸುಡುವವನು ಒಬ್ಬ ಮುಸಲ್ಮಾನ. ಯಾವ ಮೈಲಿಗೆಯನ್ನು ತಪ್ಪಿಸಲು ಇಷ್ಟೆಲ್ಲ ನಡೆಯಿತೋ ಆ ಮೈಲಿಗೆಯ ಕೈಯಿಂದಲೇ ಅಗ್ರಹಾರದ ಬಿಡುಗಡೆಯಾಗುತ್ತದೆ, ಮತ್ತು ಬಿಡುಗಡೆಯಾದದ್ದು ಅಗ್ರಹಾರಕ್ಕೆ ತಿಳಿಯುವುದಿಲ್ಲ. ಈ ಸರಪಳಿಯಲ್ಲಿ ಎಲ್ಲಿಯೂ ಆಕಸ್ಮಿಕವಿಲ್ಲ. ಪ್ರತಿಯೊಂದು ಕೊಂಡಿಯೂ ಹಿಂದಿನದರಿಂದ ನ್ಯಾಯವಾಗಿ ಹುಟ್ಟಿದೆ. ಪ್ರತಿ ಹೆಜ್ಜೆಯಲ್ಲಿಯೂ ಜನ ಎಚ್ಚರಿಕೆಯಿಂದ, ತಮ್ಮ ಶಾಸ್ತ್ರಕ್ಕೆ ತಕ್ಕಂತೆ ನಡೆದಿದ್ದಾರೆ. ಹಾಗಾಗಿಯೇ ಅದು ಭಯ ಹುಟ್ಟಿಸುತ್ತದೆ. ಮೂರ್ಖರು ಎಡವುವುದನ್ನು ಬರೆಯುವುದು ಸುಲಭ. ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದವರು ಆ ಪಾಲನೆಯಿಂದಲೇ ನಿಯಮದ ಎದುರು ದಡಕ್ಕೆ ಬಂದು ನಿಲ್ಲುವುದನ್ನು ಬರೆಯುವುದು ಕಷ್ಟ.

ಶೇಷಪ್ಪನ ನಿರಾಕರಣೆಯನ್ನೂ ಇದರ ಜೊತೆಗೆ ಇಟ್ಟು ನೋಡಿ. ಅಗ್ರಹಾರದ ನಿಯಮವನ್ನು ಆ ರಾತ್ರಿ ಕಾಪಾಡಿದವನು ಅಗ್ರಹಾರದ ಹೊರಗಿನವನು. ಮೇಲಿನವರು ಮಾಡಿದ ಕಟ್ಟಳೆಯನ್ನು ಕೆಳಗಿನವನು ಅವರಿಗಿಂತ ಗಟ್ಟಿಯಾಗಿ ನಂಬಿದ್ದಾನೆ. ಇದು ಎರಡು ಮೂರು ವಾಕ್ಯಗಳಲ್ಲಿ ಮುಗಿದುಹೋಗುವ ವಿಷಯ, ಆದರೆ ಜಾತಿಯ ಬಗ್ಗೆ ಇದು ಹೇಳುವಷ್ಟನ್ನು ಎಷ್ಟೋ ಉದ್ದದ ಭಾಷಣಗಳು ಹೇಳಿಲ್ಲ.

ಹಸಿವಿನ ಪ್ರಸಂಗಗಳು ಹೆಚ್ಚು ಪ್ರಸಿದ್ಧ. ಅಗ್ರಹಾರದಲ್ಲಿ ಹೆಣವಿರುವವರೆಗೂ ಯಾರೂ ಉಣ್ಣುವಂತಿಲ್ಲ. ಸಂತರ್ಪಣೆಯ ಊಟಗಳ ಮೇಲೆಯೇ ಜೀವ ಹಿಡಿದಿರುವ ಬಡ ದಾಸಾಚಾರ್ಯನಿಗೆ ಇದು ಸಹಿಸದು. ಅವನು ಕಣ್ಣು ತಪ್ಪಿಸಿ ಪಾರಿಜಾತಪುರಕ್ಕೆ ಹೋಗಿ ಸ್ಮಾರ್ತ ಮಂಜಯ್ಯನ ಮನೆಯಲ್ಲಿ ತಿಂಡಿ ತಿನ್ನುತ್ತಾನೆ. ತಮಗಿಂತ ಒಂದು ಮೆಟ್ಟಿಲು ಕೆಳಗಿನವರೆಂದು ದೂರ್ವಾಸಪುರದವರು ಎಣಿಸುವ ಮನೆ ಅದು. ಅದನ್ನು ಓದುವಾಗ ನಗು ಬರುತ್ತದೆ. ಆದರೆ ಆ ಪುಟಗಳಲ್ಲಿ ಹಸಿವು ನಿಜವಾಗಿದೆ, ಬರಹ ಅದನ್ನು ಹಗುರ ಮಾಡುವುದಿಲ್ಲ. ದಾಸಾಚಾರ್ಯನ ಹೊಟ್ಟೆ ಸುಳ್ಳು ಹೇಳುತ್ತಿಲ್ಲ. ಸುಳ್ಳು ಹೇಳಬೇಕಾದ ಸ್ಥಿತಿಗೆ ಅವನನ್ನು ತಂದದ್ದು ಬೇರೆ. ಬಂಗಾರದ ಪ್ರಸಂಗ ಇದಕ್ಕಿಂತ ಕ್ರೂರ. ಚಂದ್ರಿ ಮೈಮೇಲಿನ ಒಡವೆಗಳನ್ನೆಲ್ಲ ಬಿಚ್ಚಿ ಸಂಸ್ಕಾರದ ಖರ್ಚಿಗೆಂದು ಮುಂದಿಡುತ್ತಾಳೆ. ಒಂದು ಕ್ಷಣದ ಹಿಂದೆ ನಾರಣಪ್ಪ ತನಗೆ ಏನೂ ಆಗಬೇಕಿಲ್ಲವೆನ್ನುತ್ತಿದ್ದ ಗರುಡಾಚಾರ್ಯನೂ ಲಕ್ಷ್ಮಣಾಚಾರ್ಯನೂ ಈಗ ಒಳಗೊಳಗೇ ಹಕ್ಕಿನ ಲೆಕ್ಕ ಹಾಕತೊಡಗುತ್ತಾರೆ, ಹೆಂಗಸರು ಆ ಸರಗಳನ್ನು ತಂತಮ್ಮ ಕೊರಳಲ್ಲಿ ಕಲ್ಪಿಸಿಕೊಳ್ಳುತ್ತಾರೆ. ಕೊಡುವವಳ ಮನಸ್ಸಿನಲ್ಲಿ ಇಲ್ಲದ ವಿಷ ಆ ಕೊಡುಗೆಯಿಂದ ಹೊರಡುತ್ತದೆ. ಕೊನೆಗೆ ಮಠದಲ್ಲಿ ಗುರುಗಳು ಶವಸಂಸ್ಕಾರಕ್ಕೆ ಒಪ್ಪಿಗೆ ಕೊಡುತ್ತಾ, ಒಡವೆಯೂ ಆಸ್ತಿಯೂ ಶ್ರೀಕೃಷ್ಣನಿಗೆ ಸೇರಬೇಕೆಂದಾಗ, ಆಸೆಯ ಈ ಸರಣಿ ಕೆಳಗಿನಿಂದ ಮೇಲಿನವರೆಗೂ ಒಂದೇ ಎಂದು ನಮಗೆ ತಿಳಿಯುತ್ತದೆ.

ಇಂಥ ಟೀಕೆ ಪಶ್ಚಿಮದಿಂದ ಬಂದದ್ದೆಂದು ಹೇಳುವವರಿದ್ದಾರೆ. ಅನಂತಮೂರ್ತಿಯವರು ಈ ಕಾದಂಬರಿಯನ್ನು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಸಂಶೋಧನೆ ಮಾಡುತ್ತಿದ್ದಾಗ ಬರೆದರೆಂಬುದು ನಿಜ. ಅಲ್ಲಿ ತಮ್ಮ ಗುರು ಮಾಲ್ಕಮ್ ಬ್ರಾಡ್‌ಬರಿಯವರೊಂದಿಗೆ ನೋಡಿದ, ಸ್ವೀಡನ್ನಿನ ಚಿತ್ರನಿರ್ದೇಶಕ ಬರ್ಗ್‌ಮನ್‌ನ ಒಂದು ಚಿತ್ರ, ಅದೂ ಪ್ಲೇಗಿನ ಕಾಲದ ಕಥೆ, ತಮ್ಮನ್ನು ಕದಲಿಸಿತೆಂದು ಅವರೇ ಹೇಳಿಕೊಂಡಿದ್ದಾರೆ. ಆದರೆ ಹೊಟ್ಟೆಯ ಸಲುವಾಗಿ ಹಾಕುವ ವೈರಾಗ್ಯದ ವೇಷವನ್ನು ‘ಉದರವೈರಾಗ್ಯ’ವೆಂದು ಹೆಸರಿಟ್ಟು ಹಾಡಿದವರು ಪುರಂದರದಾಸರು. ಅವರೂ ಮಾಧ್ವರೇ. ದೂರ್ವಾಸಪುರದ ಮೇಲೆ ಬೀಳುವ ಬೆಳಕಿನ ಒಂದು ದೀಪವಾದರೂ ಆ ಮನೆಯ ಒಳಗಿನದೇ.

ಪ್ಲೇಗಿನ ವಿಷಯಕ್ಕೆ ಬರುತ್ತೇನೆ. ನಾರಣಪ್ಪ ಶಿವಮೊಗ್ಗಕ್ಕೆ ಹೋಗಿಬಂದು, ಜ್ವರ ಹತ್ತಿ, ಗಡ್ಡೆಯೆದ್ದು ಸತ್ತವನು. ಕಾದಂಬರಿಯ ಆರಂಭದಲ್ಲಿಯೇ ಓದುಗನಿಗೆ ಈ ವಿವರಗಳು ಸಿಗುತ್ತವೆ. ಬಳಿಕ ಇಲಿಗಳು ಬರುತ್ತವೆ, ಬುಗುರಿಯಂತೆ ಸುತ್ತಿ ಸಾಯುತ್ತವೆ. ಹದ್ದುಗಳು ಬಂದು ಮನೆಗಳ ಮೇಲೆ ಕೂರುತ್ತವೆ. ಬ್ರಾಹ್ಮಣರು ಶಂಖ ಊದಿ ಜಾಗಟೆ ಬಾರಿಸಿ ಅವುಗಳನ್ನು ಓಡಿಸುತ್ತಾರೆ; ದೇವರ ಪೂಜೆ ನಿಂತುಹೋಗಿರುವ ಅಗ್ರಹಾರದಲ್ಲಿ ಶಂಖ ಜಾಗಟೆಗಳಿಗೆ ಸಿಕ್ಕುವ ಕೆಲಸ ಹದ್ದು ಓಡಿಸುವುದು. ಇದೆಲ್ಲ ನಾರಣಪ್ಪನ ಪ್ರೇತದ ಕಾಟವೆಂದು ಅವರ ನಂಬಿಕೆ. ಊರಿಗೆ ಪ್ಲೇಗು ಬಂದಿದೆಯೆಂಬುದು ನಮಗೆ ಬಹಳ ಮೊದಲೇ ತಿಳಿದಿರುತ್ತದೆ. ಪಾರಿಜಾತಪುರದಲ್ಲಿ ವೃತ್ತಪತ್ರಿಕೆ ಓದುವ ಮಂಜಯ್ಯ ಇದನ್ನು ಊಹಿಸುತ್ತಾನೆ. ಆದರೆ ಅದಕ್ಕೂ ಮೊದಲು ಇದನ್ನು ಬಾಯಿಬಿಟ್ಟು ಹೇಳಿದವಳೊಬ್ಬಳಿದ್ದಾಳೆ, ಅವಳು ಕೇರಿಯ ಬೆಳ್ಳಿ. ಅಗ್ರಹಾರದ ಯುವಕ ಶ್ರೀಪತಿ ಅವಳನ್ನು ಕೂಡಲು ಬಂದಾಗ ಅವಳು ತನ್ನ ತಂದೆ ತಾಯಿಗೆ ಬಂದ ಜ್ವರದ ಮಾತು, ಗುಡಿಸಲಿಗೆ ಇಲಿ ಬಂದ ಮಾತು ಎತ್ತುತ್ತಾಳೆ. ಶ್ರೀಪತಿಗೆ ಬೇಸರವಾಗುತ್ತದೆ, ಮಲಗುವುದಕ್ಕೆ ಇವಳು ಸರಿ, ಮಾತಿಗೆ ಅಲ್ಲ ಎಂದು ಅವನ ಎಣಿಕೆ. ಇಡೀ ಕಾದಂಬರಿಯಲ್ಲಿ ಎಲ್ಲರ ಜೀವ ಉಳಿಸಬಹುದಾಗಿದ್ದ ಒಂದೇ ಒಂದು ಮಾತು, ಮಾತಿಗೆ ಬಾರದವಳೆಂದು ತಳ್ಳಿಹಾಕಲ್ಪಟ್ಟವಳ ಬಾಯಿಂದ ಬಂದಿದೆ. ಪಂಡಿತರು ತಾಳೆಗರಿಯ ಗ್ರಂಥಗಳನ್ನು ತಿರುವುತ್ತಿರುವಾಗ ಉತ್ತರ ಹೊಳೆಯ ದಂಡೆಯಲ್ಲಿ, ಯಾರೂ ಕೇಳದಂತೆ, ಹೇಳಿ ಆಗಿತ್ತು. ಅದೇ ಹೊತ್ತಿನಲ್ಲಿ ಕೇರಿಯವರು ಸತ್ತವರನ್ನು ಗುಡಿಸಲ ಸಮೇತ ಸುಟ್ಟುಬಿಡುತ್ತಾರೆ. ಅಲ್ಲಿ ಶಾಸ್ತ್ರವಿಲ್ಲ, ಹೆಣ ಉಳಿಯುವುದಿಲ್ಲ.

ಒಂದು ವಿಷಯಾಂತರಕ್ಕೆ ಅವಕಾಶ ಕೊಡಿ. ಊರಿಗೆ ಮಾರಿ ಬಂದಿದೆ. ಊರಿನ ಅತ್ಯಂತ ಬುದ್ಧಿವಂತ, ಎಲ್ಲರೂ ನಂಬಿದ ಮನುಷ್ಯ ಅದರ ಕಾರಣವನ್ನು, ಅದರ ಪರಿಹಾರವನ್ನು ಹುಡುಕಲು ಹೊರಡುತ್ತಾನೆ. ಹುಡುಕಾಟದ ಕೊನೆಗೆ ತನ್ನನ್ನೇ ಕಾಣುತ್ತಾನೆ. ಇದು ಸೋಫೋಕ್ಲೀಸನ ಈಡಿಪಸ್ ನಾಟಕದ ಚೌಕಟ್ಟು. ಸಂಸ್ಕಾರ ದೊರೆಯದ ಹೆಣ. ಕಟ್ಟಳೆಯನ್ನು ಲೆಕ್ಕಿಸದೆ ಅದಕ್ಕೆ ಸಂಸ್ಕಾರ ಮಾಡುವ ಒಬ್ಬ ಹೆಂಗಸು. ಇದು ಅದೇ ಸೋಫೋಕ್ಲೀಸನ ಅಂತಿಗೊನೆಯ ಚೌಕಟ್ಟು. ಎರಡೂ ಈ ಒಂದು ಕನ್ನಡ ಕಾದಂಬರಿಯಲ್ಲಿ ಸೇರಿವೆ. ಈ ಎರಡೂ ನಾಟಕಗಳನ್ನು ಕನ್ನಡಕ್ಕೆ ತಂದವರು ಪಿ. ಲಂಕೇಶರು, 1970ರಲ್ಲಿ ಪಟ್ಟಾಭಿರಾಮ ರೆಡ್ಡಿಯವರು ‘ಸಂಸ್ಕಾರ’ವನ್ನು ಚಲನಚಿತ್ರ ಮಾಡಿದಾಗ ನಾರಣಪ್ಪನ ಪಾತ್ರ ಮಾಡಿದವರೂ ಅವರೇ. ನೆರಳಿನ ಹಾಗೆ ಒಂದರ ಹಿಂದೆ ಒಂದು ನಿಲ್ಲುವ ಈ ಸಂಬಂಧಗಳು ನನಗೆ ತುಂಬ ಪ್ರಿಯ. ಆದರೆ ವ್ಯತ್ಯಾಸವನ್ನೂ ಹೇಳಬೇಕು. ಗ್ರೀಕ್ ನಾಟಕದಲ್ಲಿ ಪ್ರೇಕ್ಷಕರಿಗೆ ಕಥೆ ಮೊದಲೇ ಗೊತ್ತು, ಪುರಾಣದ ಕಥೆಯದು. ಅವರ ತಿಳುವಳಿಕೆ ರಂಗದ ಹೊರಗಿನಿಂದ ಬಂದದ್ದು. ನಮ್ಮ ಕಾದಂಬರಿಕಾರರು ಆ ತಿಳುವಳಿಕೆಯನ್ನು ಇಲಿ, ಜ್ವರ, ಗಡ್ಡೆಗಳಂಥ ಸಣ್ಣ ವಿವರಗಳಿಂದ ನಮ್ಮೊಳಗೆ ಹನಿ ಹನಿಯಾಗಿ ತುಂಬಬೇಕಾಗಿದೆ.

ಈಗ ಪ್ರಾಣೇಶಾಚಾರ್ಯರು. ಕಾಶಿಯಲ್ಲಿ ಓದಿ ವೇದಾಂತ ಶಿರೋಮಣಿಯೆನಿಸಿಕೊಂಡು ಬಂದವರು, ಅಗ್ರಹಾರಕ್ಕೆ ಕಣ್ಣಾಗಿರುವವರು. ಕಾದಂಬರಿ ತೆರೆಯುವುದು ಅವರು ರೋಗಿಷ್ಠ ಹೆಂಡತಿ ಭಾಗೀರಥಿಗೆ ಸ್ನಾನ ಮಾಡಿಸುವ ದೃಶ್ಯದಿಂದ. ಇಪ್ಪತ್ತು ವರ್ಷಗಳಿಂದ ಪ್ರತಿದಿನ ಮಾಡಿದ ಸೇವೆ. ಈ ಮೊದಲ ಪುಟವನ್ನು ಓದುವಾಗ ನಾವು ಆ ಮನುಷ್ಯನಿಗೆ ತಲೆಬಾಗುತ್ತೇವೆ, ಬಾಗಲೇಬೇಕು. ಆ ಸೇವೆ ನಟನೆಯಲ್ಲ. ಆದರೆ ಅದೇ ಪುಟಗಳಲ್ಲಿ ಅವರ ಮನಸ್ಸಿನ ಮಾತನ್ನು ಕೇಳಿಸಿಕೊಳ್ಳಿ: ರೋಗಿಷ್ಠೆಯನ್ನು ಮದುವೆಯಾದದ್ದರಿಂದ ತಾನು ಹದವಾಗುತ್ತಿದ್ದೇನೆ, ಮಾಗುತ್ತಿದ್ದೇನೆ ಎಂಬ ಭಾವ ಅವರಿಗೆ ಸಂತೋಷ ಕೊಡುತ್ತದೆ. ಫಲವನ್ನು ಬಯಸದ ಕರ್ಮವೆಂದು ಅವರು ತಿಳಿದಿರುವುದರಲ್ಲಿ ಫಲದ ಎಣಿಕೆ ಕುಳಿತಿದೆ. ಆ ಫಲಕ್ಕೆ ಮೋಕ್ಷವೆಂದು ಹೆಸರು. ಹೆಂಡತಿಯ ಬತ್ತಿದ ಮೈ ಗಂಡನ ಸಾಧನೆಯ ಸಾಧನವಾಗಿದೆ. ಇದನ್ನು ಲೇಖಕರು ಆರೋಪವಾಗಿ ಹೇಳಿಲ್ಲ, ಅವರ ಸಮಾಧಾನವಾಗಿ ಹೇಳಿದ್ದಾರೆ. ಎರಡನೆಯ ಸಲ ಓದುವಾಗ ಮಾತ್ರ ಆ ಸಮಾಧಾನ ನಮಗೆ ಇರಿಯುತ್ತದೆ.

ಹಲವು ವರ್ಷಗಳ ಹಿಂದೆ ಈ ಕಾದಂಬರಿಯನ್ನು ಪಾಠ ಮಾಡುತ್ತಿದ್ದಾಗ ಒಬ್ಬ ವಿದ್ಯಾರ್ಥಿನಿ ಕೇಳಿದ ಪ್ರಶ್ನೆ ಇಲ್ಲಿ ನೆನಪಾಗುತ್ತದೆ. ಆಚಾರ್ಯರು ಇಪ್ಪತ್ತು ವರ್ಷ ಸೇವೆ ಮಾಡಿದ್ದನ್ನು ಎಲ್ಲರೂ ಹೇಳುತ್ತಾರೆ, ಇಪ್ಪತ್ತು ವರ್ಷ ಸೇವೆ ಮಾಡಿಸಿಕೊಂಡವಳಿಗೆ ಏನನ್ನಿಸಿತೆಂದು ಯಾರೂ ಏಕೆ ಕೇಳುವುದಿಲ್ಲ ಎಂದು ಅವಳು ಕೇಳಿದಳು. ಭಾಗೀರಥಿ ಗಂಡನಿಗೆ ಬೇರೊಂದು ಮದುವೆಯಾಗಿ, ಮಕ್ಕಳಿಲ್ಲದ ಮನೆ ಬೇಡ ಎನ್ನುತ್ತಾಳೆ. ಆಚಾರ್ಯರು ಅದನ್ನು ನಕ್ಕು ತೇಲಿಸುತ್ತಾರೆ. ಅವಳ ಆ ಮಾತನ್ನು ಗಂಡನ ಮೇಲಿನ ಮಮತೆಯೆಂದೇ ನಾನು ಅಲ್ಲಿಯವರೆಗೆ ಓದಿಕೊಂಡಿದ್ದೆ. ಒಬ್ಬರ ತಪಸ್ಸಿಗೆ ಕಟ್ಟಿಗೆಯಾಗಿರುವುದರ ದಣಿವೂ ಅದರಲ್ಲಿರಬಹುದೆಂದು ಆ ದಿನ ಮೊದಲ ಬಾರಿಗೆ ಹೊಳೆಯಿತು.

ಆಚಾರ್ಯರಿಗೆ ಎದುರಾಗಿ ನಿಂತ ನಾರಣಪ್ಪ ಬದುಕಿದ್ದಾಗ ಆಡಿದ ಮಾತುಗಳು ಅವರ ನೆನಪಿನ ಮೂಲಕ ನಮಗೆ ಕೇಳಿಸುತ್ತವೆ. ನಾವು ಮಾಡುವ ಕ್ರಿಯೆಗಳೆಲ್ಲ ಎಣಿಸಿದ್ದಕ್ಕೆ ವಿರುದ್ಧವಾದ ಫಲವನ್ನೇ ಕೊಡುತ್ತವೆ ಎಂಬ ಅರ್ಥದ ಮಾತನ್ನು ಅವನು ಹೇಳುತ್ತಾನೆ. ಅದಕ್ಕೆ ಅವನು ಕೊಡುವ ನಿದರ್ಶನ ಆಚಾರ್ಯರ ಪುರಾಣಪಠಣವೇ. ಆಚಾರ್ಯರು ಶಕುಂತಲೆಯನ್ನು ರಸವತ್ತಾಗಿ ವರ್ಣಿಸುತ್ತಾರೆ. ಭಕ್ತಿಯಿಂದ ಕೇಳಬೇಕಾದ ಹುಡುಗನೊಬ್ಬ ಮೈ ಬಿಸಿಯಾಗಿ ಎದ್ದು ಹೊಳೆಯ ಕಡೆ ಹೋಗಿ ಕೇರಿಯ ಹೆಣ್ಣನ್ನು ಹುಡುಕುತ್ತಾನೆ. ಧರ್ಮಬೋಧೆ ಕಾಮಬೋಧೆಯಾಯಿತು. ಇದನ್ನು ಆಚಾರ್ಯರು ನಾರಣಪ್ಪನ ಕಟಕಿಯೆಂದು ತಿಳಿಯುತ್ತಾರೆ. ಆದರೆ ಇಡೀ ಕಾದಂಬರಿ ಮುಂದೆ ನಡೆಯುವುದು ನಾರಣಪ್ಪ ಆಡಿದ ಈ ಸೂತ್ರದಂತೆಯೇ. ಅವನ ಚುಚ್ಚುಮಾತು ಕಥೆಯ ವಿಧಿಯಾಗುತ್ತದೆ. ಗೆಲ್ಲುವವರು ಯಾರು ನೋಡೋಣ ಎಂದು ಸವಾಲು ಹಾಕಿದವನು ಸತ್ತು ಗೆಲ್ಲುತ್ತಾನೆ.

ಭಾಷೆಯ ಒಂದು ಸೂಕ್ಷ್ಮವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಕನ್ನಡದಲ್ಲಿ ಕಥೆ ಹೇಳುವವನು ಯಾರನ್ನು ಏಕವಚನದಲ್ಲಿ, ಯಾರನ್ನು ಬಹುವಚನದಲ್ಲಿ ಹೇಳಬೇಕೆಂದು ಪ್ರತಿ ಕ್ರಿಯಾಪದದಲ್ಲಿಯೂ ನಿರ್ಧರಿಸಬೇಕು, ತಪ್ಪಿಸಿಕೊಳ್ಳುವ ದಾರಿಯಿಲ್ಲ. ಚಂದ್ರಿ ಬಂದಳು, ನಾರಣಪ್ಪ ಸತ್ತ, ಪ್ರಾಣೇಶಾಚಾರ್ಯರು ಹೇಳಿದರು. ಊರು ಕೊಡುವ ಮರ್ಯಾದೆಯನ್ನೇ ನಿರೂಪಣೆಯೂ ಕೊಡುತ್ತಾ ಹೋಗುತ್ತದೆ. ಆಚಾರ್ಯರು ಒಳಗಿನಿಂದ ಕುಸಿಯುತ್ತಿರುವಾಗಲೂ ಆ ‘ರು’ ಅವರ ಬೆನ್ನ ಹಿಂದೆ ಬರುತ್ತಲೇ ಇರುತ್ತದೆ, ಕಳಚಲಾಗದ ಮಡಿಯಂತೆ. 1976ರಲ್ಲಿ ಬಂದ ಎ. ಕೆ. ರಾಮಾನುಜನ್ ಅವರ ಇಂಗ್ಲಿಷ್ ಅನುವಾದ ಈ ಕಾದಂಬರಿಯನ್ನು ಜಗತ್ತಿಗೆ ತಲುಪಿಸಿತು, ಅದು ಬಹಳ ಒಳ್ಳೆಯ ಅನುವಾದ. ಆದರೆ ಆ ಭಾಷೆಯಲ್ಲಿ ಆಚಾರ್ಯರಿಗೂ ನಾರಣಪ್ಪನಿಗೂ ಕೊನೆಯ ಭಾಗದಲ್ಲಿ ಆಚಾರ್ಯರಿಗೆ ದಾರಿಯ ಜೊತೆಗಾರನಾಗುವ ಪುಟ್ಟನಿಗೂ ಒಂದೇ ಸರ್ವನಾಮ. ಕನ್ನಡದಲ್ಲಿ ಓದುವವರಿಗೆ ಮಾತ್ರ ಸಿಕ್ಕುವ ವ್ಯಂಗ್ಯ ಇದು.

ಮಾರುತಿಯ ಗುಡಿಯಲ್ಲಿ ಆಚಾರ್ಯರು ಇಡೀ ದಿನ ಕಾಯುತ್ತಾರೆ. ದೇವರ ಬಲಗಡೆಯಿಂದ ಹೂ ಬಿದ್ದರೆ ಒಂದು ಅರ್ಥ, ಎಡಗಡೆಯಿಂದ ಬಿದ್ದರೆ ಇನ್ನೊಂದು. ಎರಡೂ ಬೀಳುವುದಿಲ್ಲ. ಸೋತು ಕತ್ತಲಲ್ಲಿ ಹಿಂತಿರುಗುವಾಗ ಚಂದ್ರಿ ಅವರ ಕಾಲಿಗೆ ಬೀಳುತ್ತಾಳೆ; ಅವರ ಹಸಿವು, ದಣಿವು, ಕರುಣೆ, ಎಲ್ಲ ಕಲಸಿಹೋಗಿ ಅವರು ‘ಅಮ್ಮಾ’ ಎನ್ನುತ್ತಾರೆ. ನಡುರಾತ್ರಿ ಎಚ್ಚರವಾದಾಗ ತಲೆ ಅವಳ ತೊಡೆಯ ಮೇಲಿರುತ್ತದೆ, ಅವಳು ಬಾಳೆಹಣ್ಣು ತಿನ್ನಿಸುತ್ತಾಳೆ. ಈ ದೃಶ್ಯವನ್ನು ಋಷಿಯ ಪತನವೆಂದು ಓದುವುದು ರೂಢಿ. ಆದರೆ ಅದೇ ಘಟನೆ ಚಂದ್ರಿಗೆ ಏನು? ಇಂಥ ಪುಣ್ಯವಂತರಿಂದ ಬಸಿರಾಗಬೇಕೆಂದು ಅವಳ ತಾಯಿ ಹೇಳುತ್ತಿದ್ದುದು ಅವಳಿಗೆ ನೆನಪಾಗುತ್ತದೆ. ಅವಳ ಪಾಲಿಗೆ ಅದು ಧನ್ಯತೆ. ಒಂದೇ ರಾತ್ರಿ, ಒಂದೇ ಕ್ರಿಯೆ; ಒಬ್ಬರ ಲೆಕ್ಕದಲ್ಲಿ ಪಾಪ, ಇನ್ನೊಬ್ಬರ ಲೆಕ್ಕದಲ್ಲಿ ಪುಣ್ಯ. ಮತ್ತು ಆ ಪುಣ್ಯದ ಎಣಿಕೆ ಆಚಾರ್ಯರ ಹಳೆಯ ಪಾವಿತ್ರ್ಯವನ್ನೇ ಆಧರಿಸಿದೆ. ಅವರು ಕಳೆದುಕೊಂಡೆನೆಂದು ಕೊರಗುವುದನ್ನು ಅವಳು ಅವರಿಂದ ಪಡೆದೆನೆಂದು ತಿಳಿದಿದ್ದಾಳೆ.

ನನ್ನ ಓದಿನಲ್ಲಿ ಈ ಕಾದಂಬರಿಯ ವ್ಯಂಗ್ಯ ಚಂದ್ರಿಯ ಬಳಿಗೆ ಬಂದಾಗ ನಿಂತುಬಿಡುತ್ತದೆ. ಉಳಿದವರೆಲ್ಲರಲ್ಲಿ ಮಾತಿಗೂ ಕೃತಿಗೂ, ಉದ್ದೇಶಕ್ಕೂ ಫಲಕ್ಕೂ ನಡುವೆ ಬಿರುಕಿದೆ. ಅವಳಲ್ಲಿ ಇಲ್ಲ. ಹೆಣಕ್ಕೆ ಸಂಸ್ಕಾರವಾಗಬೇಕು, ಒಡವೆ ಕೊಡುತ್ತಾಳೆ. ಒಡವೆಯಿಂದ ಆಗಲಿಲ್ಲ, ಬ್ಯಾರಿಯನ್ನು ಕರೆಯುತ್ತಾಳೆ. ಆಯಿತು, ಹೊರಡುತ್ತಾಳೆ. ಇದನ್ನು ಬಹಳ ಜನ ವಿಮರ್ಶಕರು ಮೆಚ್ಚಿದ್ದಾರೆ, ಅವಳನ್ನು ಬತ್ತದ ತುಂಗೆಯೊಂದಿಗೆ ಕೂಡಿಸಿ ನೋಡುತ್ತಾರೆ. ನಾನೂ ಮೆಚ್ಚುತ್ತೇನೆ. ಆದರೆ ಇದರಲ್ಲಿ ನನಗೆ ಒಂದು ತಕರಾರೂ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ವ್ಯಂಗ್ಯಕ್ಕೆ ಒಳಗಾಗುವುದೆಂದರೆ ಒಳಬದುಕು ಇರುವುದು. ತಾನು ಅಂದುಕೊಂಡದ್ದು ಒಂದು, ಆದದ್ದು ಒಂದು ಎಂದು ಎಡವುವ ಹಕ್ಕು ಇರುವುದು. ಆಚಾರ್ಯರಿಗೆ, ಗರುಡನಿಗೆ, ದಾಸಾಚಾರ್ಯನಿಗೂ ಆ ಹಕ್ಕಿದೆ. ಚಂದ್ರಿಯನ್ನೂ ಬೆಳ್ಳಿಯನ್ನೂ ಪ್ರಕೃತಿಯ ಕಡೆಗೆ ಸೇರಿಸಿ, ಹೊಳೆಯ ಹಾಗೆ, ಕಾಡಿನ ಹಾಗೆ ನಿಲ್ಲಿಸಿದಾಗ, ಅವರನ್ನು ಗೌರವಿಸಿದಂತೆ ಕಾಣುತ್ತದೆ, ಆದರೆ ಅವರಿಗೆ ಸಂದೇಹಪಡುವ ಮನಸ್ಸನ್ನು ಕೊಡದಂತೆಯೂ ಆಗುತ್ತದೆ. ಹೆಣದ ಪಕ್ಕ ರಾತ್ರಿ ಒಬ್ಬಳೇ ನಿಂತಾಗ ಚಂದ್ರಿಗೆ ತನ್ನವನ ಬಗ್ಗೆ, ತನ್ನ ಮುಂದಿನ ದಿನಗಳ ಬಗ್ಗೆ ತಳಮಳವಿರಲಿಲ್ಲವೇ? ಅದು ಅವನಲ್ಲ, ಬರೀ ಹೆಣ ಎಂದುಕೊಂಡು ಅವಳು ಹೆಜ್ಜೆ ಮುಂದಿಡುತ್ತಾಳೆ. ಅವಳಿಗೆ ಸಂದ ಪುಟಗಳು ಬಹಳ ಕಡಿಮೆ. ಮಹತ್ವದ ಕಾದಂಬರಿಯ ಮಿತಿಯನ್ನು ಹೇಳುವುದು ಅದನ್ನು ಸಣ್ಣದು ಮಾಡುವುದಲ್ಲವೆಂದು ನಂಬಿ ಇದನ್ನು ಹೇಳುತ್ತಿದ್ದೇನೆ.

ಭಾಗೀರಥಿಯೂ ಪ್ಲೇಗಿನಿಂದ ಸಾಯುತ್ತಾಳೆ. ಅವಳನ್ನು ದಹನ ಮಾಡಿ ಆಚಾರ್ಯರು ಕಾಲು ಕರೆದೊಯ್ದತ್ತ ನಡೆಯುತ್ತಾರೆ. ಕಾದಂಬರಿಯ ಕೊನೆಯ ಭಾಗ ಈ ನಡಿಗೆ. ಇಲ್ಲಿ ವ್ಯಂಗ್ಯದ ಸ್ಥಾನವೇ ಬದಲಾಗುತ್ತದೆ. ಅಲ್ಲಿಯವರೆಗೆ ನಮಗೆ ಕಾಣುತ್ತಿದ್ದುದು ಅವರಿಗೆ ಕಾಣುತ್ತಿರಲಿಲ್ಲ. ಈಗ ಅವರೇ ತಮ್ಮನ್ನು ಹೊರಗಿನಿಂದ ನೋಡತೊಡಗುತ್ತಾರೆ. ತಾನು ಮಾಡಿದ್ದು ತನ್ನ ಇಚ್ಛೆಯೇ, ಕತ್ತಲಲ್ಲಿ ಆಗಿಹೋದದ್ದೇ, ಆಗಿಹೋದದ್ದಾದರೆ ಅದಕ್ಕೆ ಹೊಣೆ ಯಾರು ಎಂದು ತಮ್ಮನ್ನೇ ಬಿಡದೆ ಕೇಳಿಕೊಳ್ಳುತ್ತಾರೆ. ದಾರಿಯಲ್ಲಿ ಅಂಟಿಕೊಂಡ, ಮಾಲೇರ ಜಾತಿಯ ಪುಟ್ಟ ಮೇಳಿಗೆಯ ಜಾತ್ರೆಗೆ ಎಳೆದೊಯ್ಯುತ್ತಾನೆ. ಮೇಳಿಗೆ ಲೇಖಕರ ಹುಟ್ಟೂರು; ತಮ್ಮ ನಾಯಕನನ್ನು ಅವರು ತಮ್ಮ ಬಾಲ್ಯದ ತೇರಿನ ಗದ್ದಲಕ್ಕೇ ತಂದು ನಿಲ್ಲಿಸಿದ್ದಾರೆ. ಅಲ್ಲಿ ಕೋಳಿ ಅಂಕದ ರಕ್ತ, ಪುಟ್ಟ ಪರಿಚಯಿಸಿದ ಪದ್ಮಾವತಿಯೆಂಬ ಹೆಂಗಸಿನ ಮನೆಯ ಕಾಫಿ, ತಿರುಗಿ ಬರುತ್ತೇನೆಂದು ಅವಳಿಗೆ ಕೊಟ್ಟ ಮಾತು. ಕೊನೆಗೆ ದೇವಸ್ಥಾನದ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಾರೆ, ಹೆಂಡತಿಯ ಸೂತಕ ಮೈಮೇಲಿರುವಾಗಲೇ. ಯಾರೋ ಗುರುತಿಸಿ ಹೆಸರು ಹಿಡಿದಾಗ ಎಲೆ ಬಿಟ್ಟು ಎದ್ದು ಓಡುತ್ತಾರೆ. ದಾಸಾಚಾರ್ಯನ ಕದ್ದ ತಿಂಡಿಯನ್ನು ಇಲ್ಲಿ ನೆನೆಯಿರಿ. ಅಂದು ನಕ್ಕಿದ್ದೆವು. ಅಗ್ರಹಾರದ ಕಟ್ಟಕಡೆಯ ಬಡವನೂ ಅದರ ಶಿರೋಮಣಿಯೂ ಈಗ ಒಂದೇ ಪಂಕ್ತಿಯಲ್ಲಿ ಕೂತಿದ್ದಾರೆ, ನಮಗೆ ನಗು ಬರುವುದಿಲ್ಲ.

ಆ ಓಟದಲ್ಲಿ ಆಚಾರ್ಯರು ಒಂದು ತೀರ್ಮಾನಕ್ಕೆ ಬರುತ್ತಾರೆ: ದೂರ್ವಾಸಪುರಕ್ಕೆ ಹಿಂತಿರುಗಬೇಕು, ನಡೆದದ್ದನ್ನು ಎಲ್ಲರ ಮುಂದೆ ಹೇಳಬೇಕು, ನಾರಣಪ್ಪನ ಹೆಣಕ್ಕೆ ಗತಿ ಕಾಣಿಸಬೇಕು. ಗಾಡಿಯೊಂದು ಸಿಗುತ್ತದೆ, ಹತ್ತುತ್ತಾರೆ. ಇನ್ನು ನಾಲ್ಕೈದು ಗಂಟೆಗಳ ದಾರಿ. ಆಮೇಲೆ? ಆತಂಕ ಮತ್ತು ನಿರೀಕ್ಷೆಯಲ್ಲಿ ಕಾದಂಬರಿ ನಿಲ್ಲುತ್ತದೆ. ಈ ಕೊನೆಯ ಬಗ್ಗೆ ಬಹಳ ಚರ್ಚೆಯಾಗಿದೆ. ಅವರು ಹೇಳುತ್ತಾರೋ ಇಲ್ಲವೋ, ಕಾದಂಬರಿ ಅಪೂರ್ಣವೋ ಪೂರ್ಣವೋ ಎಂದು. ಆ ಚರ್ಚೆಯಲ್ಲಿ ಒಂದು ಸಂಗತಿಯನ್ನು ನಾವು ಸಾಕಷ್ಟು ಎಣಿಕೆಗೆ ತೆಗೆದುಕೊಂಡಿಲ್ಲ. ಗಾಡಿಯಲ್ಲಿ ಕುಳಿತಿರುವ ಪ್ರಾಣೇಶಾಚಾರ್ಯರಿಗೆ ಇನ್ನೂ ಗೊತ್ತಿಲ್ಲ, ಸುಡಲು ಅಲ್ಲಿ ಹೆಣವಿಲ್ಲವೆಂದು. ತಮ್ಮನ್ನು ಕಾಡಿದ ಪ್ರಶ್ನೆಯನ್ನು ಚಂದ್ರಿ ಮತ್ತು ಒಬ್ಬ ಬ್ಯಾರಿ, ಅವರು ಅವಳ ತೊಡೆಯಿಂದ ತಲೆಯೆತ್ತಿದ ಅದೇ ರಾತ್ರಿ, ಗ್ರಂಥ ನೋಡದೆ ಮುಗಿಸಿದ್ದಾರೆಂದು. ಹೇಳಬೇಕಾದ ನಿಜ ಮಾತ್ರ ಅವರ ಬಳಿ ಉಳಿದಿದೆ, ಅದನ್ನು ಹೇಳಲು ಹೆಣದ ನೆಪ ಉಳಿದಿಲ್ಲ. ಗಾಡಿ ದೂರ್ವಾಸಪುರದ ಕಡೆಗೆ ಹೊರಟಿದೆ, ಬೂದಿಯ ಸಂಗತಿ ತಿಳಿದಿರುವ ನಾವೂ ಅದರಲ್ಲಿ ಕುಳಿತಿದ್ದೇವೆ, ಅವರಿಗೆ ಹೇಳುವ ದಾರಿ ನಮಗಿಲ್ಲ.